ರಂಗಶಾಲೆ ಊರೂರಿಗೆ ಹೊರಟ ವರ್ಷ

ನಾಟಕ ಕಲಿಸುವ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಪಟ್ಟಿ. ಆ ವರ್ಷ ಆಡಿದ ನಾಟಕಗಳು, ಅವನ್ನು ನಿರ್ದೇಶಿಸಿದವರು, ಬಂದ ಬಹುಮಾನಗಳು, ತೇರ್ಗಡೆಯಾದವರ ಸಂಖ್ಯೆ. ಪಟ್ಟಿ ಬೇಕೇ ಬೇಕು; ಅದಿಲ್ಲದಿದ್ದರೆ ಹತ್ತು ವರ್ಷ ಕಳೆಯುವುದರೊಳಗೆ ಯಾರು ಯಾವ ಪಾತ್ರ ಮಾಡಿದರೆಂಬುದೂ ಮರೆತುಹೋಗುತ್ತದೆ. ಆದರೆ ಎರಡು ಪ್ರಶ್ನೆಗಳಿಗೆ ಅಂಥ ಪಟ್ಟಿಯಲ್ಲಿ ಉತ್ತರ ಸಿಗುವುದು ಅಪರೂಪ. ಆ ನಾಟಕಗಳನ್ನು ನೋಡಿದವರು ಯಾರು? ಕಲಿತು ಹೊರಬಿದ್ದವರು ಮರುವರ್ಷ ಎಲ್ಲಿ ಬಣ್ಣ ಹಚ್ಚಿದರು?

ಈ ಎರಡು ಪ್ರಶ್ನೆಗಳನ್ನು ತನ್ನ ಪಾಠಪಟ್ಟಿಯಷ್ಟೇ ಗಂಭೀರವಾಗಿ ಕೈಗೆತ್ತಿಕೊಂಡ ಶಾಲೆಯೊಂದು ನಮ್ಮ ನಡುವೆ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ತೆರೆದ ನೀನಾಸಮ್ ರಂಗಶಿಕ್ಷಣ ಕೇಂದ್ರ ಅದು. ಆರಂಭವಾದ ಐದು ವರ್ಷಕ್ಕೆ, 1985ರಲ್ಲಿ, ಆ ಸಂಸ್ಥೆ ‘ತಿರುಗಾಟ’ ಎಂಬ ರೆಪರ್ಟರಿಯನ್ನು, ಅಂದರೆ ಸಂಭಾವನೆ ಪಡೆಯುವ ನಟರ ತಂಡವನ್ನು, ಕಟ್ಟಿ ತನ್ನ ನಾಟಕಗಳನ್ನು ಕರ್ನಾಟಕದ ಊರೂರಿಗೆ ಕಳಿಸಿತು. ತಿರುಗಾಟ ಶುರುವಾಗಿ ನಲವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ, ಆ ಒಂದು ವರ್ಷದ ನಿರ್ಧಾರ ಕನ್ನಡದ ರಂಗಶಿಕ್ಷಣಕ್ಕೆ ಏನನ್ನು ಕೊಟ್ಟಿತು ಎಂಬುದನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ಹವ್ಯಾಸಿ ಸಂಘದಿಂದ ರಂಗಮಂದಿರದವರೆಗೆ

ನೀನಾಸಮ್ ಎಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಹೆಗ್ಗೋಡಿನ ಕೆಲವು ತರುಣರು ಸೇರಿ ಊರಿನ ದೇವರ ಹೆಸರಲ್ಲಿ ಕಟ್ಟಿಕೊಂಡ ಹವ್ಯಾಸಿ ತಂಡ. ಆ ಕಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ಇಂಥ ನಾಟಕ ಸಂಘಗಳಿಗೆ ಬರವಿರಲಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ನಾಟಕ, ಜಾತ್ರೆಗೊಂದು ನಾಟಕ ಆಡಿ, ನಾಲ್ಕಾರು ವರ್ಷಕ್ಕೆ ಉತ್ಸಾಹ ತಗ್ಗಿ, ಹೆಚ್ಚಿನವು ಮುಚ್ಚಿಹೋದವು. ಹೆಗ್ಗೋಡಿನ ಸಂಘ ಮಾತ್ರ ಬೇರೆ ದಾರಿ ಹಿಡಿಯಿತು. ಅದಕ್ಕೆ ಮುಖ್ಯ ಕಾರಣ ಕೆ.ವಿ. ಸುಬ್ಬಣ್ಣ.

1932ರಲ್ಲಿ ಹುಟ್ಟಿದ ಸುಬ್ಬಣ್ಣ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಓದಿದವರು. ಕುವೆಂಪು ಅವರ ಶಿಷ್ಯರು. ಓದು ಮುಗಿಸಿ ಊರಿಗೆ ಮರಳಿ ತೋಟ ನೋಡಿಕೊಂಡೇ ಅಕ್ಷರ ಪ್ರಕಾಶನವನ್ನು ನಡೆಸಿದರು, ನಾಟಕಗಳನ್ನು ಅನುವಾದಿಸಿದರು, ಸಂಘವನ್ನು ಬೆಳೆಸಿದರು. ಹಳ್ಳಿಯಲ್ಲಿ ಕೂತವರಿಗೆ ಕಾಳಿದಾಸನೂ ಬ್ರೆಕ್ಟ್‌ನೂ ಬೇಡ ಎಂಬ ನಂಬಿಕೆಯನ್ನು ಅವರು ಒಮ್ಮೆಯೂ ಒಪ್ಪಲಿಲ್ಲ. 1972ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದುನಿಂತಿತು. 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರುವಾಗಿ, ಸತ್ಯಜಿತ್ ರಾಯ್, ಕುರೊಸಾವ ಅವರ ಸಿನಿಮಾಗಳನ್ನು ಅಡಿಕೆ ಬೆಳೆಗಾರರೂ ಕೂಲಿಕಾರರೂ ಒಟ್ಟಿಗೆ ಕೂತು ನೋಡುವಂತಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರಂಥ ಮೇಷ್ಟ್ರು ಹೆಗ್ಗೋಡಿಗೆ ಬಂದು ಸಿನಿಮಾ ರಸಗ್ರಹಣ ಶಿಬಿರ ನಡೆಸಿದರು.

ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ. ರಂಗಶಾಲೆ ತೆರೆಯುವ ಹೊತ್ತಿಗೆ ಹೆಗ್ಗೋಡಿನಲ್ಲಿ ಆಗಲೇ ಒಂದು ಪ್ರೇಕ್ಷಕವರ್ಗ ಇತ್ತು. ಮೂವತ್ತು ವರ್ಷ ನಾಟಕ ನೋಡಿ ಪಳಗಿದ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುವ ಜನ. ಮೊದಲು ಪ್ರೇಕ್ಷಕರು, ಆಮೇಲೆ ರಂಗಮಂದಿರ, ಕೊನೆಗೆ ಶಾಲೆ. ನಮ್ಮ ಹೆಚ್ಚಿನ ಕಾಲೇಜುಗಳ ರಂಗವಿಭಾಗಗಳು ಹುಟ್ಟುವ ಕ್ರಮ ಇದಕ್ಕೆ ತಿರುವುಮುರುವು. ಮೊದಲು ಮಂಜೂರಾತಿ, ನಂತರ ಕೊಠಡಿ, ವಿದ್ಯಾರ್ಥಿಗಳು. ಪ್ರೇಕ್ಷಕರನ್ನು ಹುಡುಕುವ ಕೆಲಸ ಮಾತ್ರ ಕೊನೆಗೆ ಉಳಿಯುತ್ತದೆ.

1980ರ ಶಾಲೆ

ದೇಶದಲ್ಲಿ ನಾಟಕಕ್ಕೆಂದೇ ಒಂದು ದೊಡ್ಡ ವಿದ್ಯಾಲಯ ಇದ್ದದ್ದು ದೆಹಲಿಯಲ್ಲಿ. 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆ ಬಿ.ವಿ. ಕಾರಂತ, ಬಿ. ಜಯಶ್ರೀ, ಪ್ರಸನ್ನ ಮೊದಲಾದ ಹಲವರನ್ನು ಕನ್ನಡ ರಂಗಭೂಮಿಗೆ ತಯಾರುಮಾಡಿ ಕೊಟ್ಟಿತು. 1977ರಿಂದ 1981ರವರೆಗೆ ಕಾರಂತರೇ ಅದರ ನಿರ್ದೇಶಕರಾಗಿದ್ದರು. ಆದರೆ ಅಲ್ಲಿನ ಬೋಧನೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಸೀಟುಗಳು ಬೆರಳೆಣಿಕೆಯಷ್ಟು. ಗದಗ, ಮಂಡ್ಯ ಕಡೆಯ ಹುಡುಗನೋ ಹುಡುಗಿಯೋ ಕನ್ನಡದಲ್ಲೇ ಕ್ರಮಬದ್ಧವಾಗಿ ನಾಟಕ ಕಲಿಯಬೇಕೆಂದರೆ ದಾರಿಗಳು ತೀರಾ ಕಡಿಮೆ ಇದ್ದವು.

ಹೆಗ್ಗೋಡಿನ ಕೇಂದ್ರ ಆ ಕೊರತೆಯನ್ನು ತುಂಬಿತು. ಒಂದು ವರ್ಷದ ವಸತಿಸಹಿತ ಡಿಪ್ಲೊಮಾ, ಕಲಿಕೆ ಕನ್ನಡದಲ್ಲಿ. ದೆಹಲಿಯ ಶಾಲೆಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ ದೀರ್ಘಕಾಲ ಅದರ ಪ್ರಾಂಶುಪಾಲರಾಗಿ ಶಾಲೆಗೆ ಶಿಸ್ತನ್ನು ತಂದರು. ದೆಹಲಿಯ ಶಾಲೆಯಲ್ಲೇ ಕಲಿತ ಕೆ.ವಿ. ಅಕ್ಷರ, ಬಿ.ಆರ್. ವೆಂಕಟರಮಣ ಐತಾಳರೂ ನಿರ್ದೇಶಕರಾಗಿ, ಅನುವಾದಕರಾಗಿ, ಮೇಷ್ಟ್ರುಗಳಾಗಿ ಈ ಕೆಲಸದಲ್ಲಿ ಕೈಜೋಡಿಸಿದರು. ಐತಾಳರು ಮುಂದೆ ಪ್ರಾಂಶುಪಾಲರ ಹೊಣೆಯನ್ನೂ ಹೊತ್ತರು.

ಇಲ್ಲಿಯ ಪಾಠದ ವ್ಯಾಪ್ತಿ ದೊಡ್ಡದು. ಬೆಳಿಗ್ಗೆ ಅಂಗಸಾಧನೆ, ಧ್ವನಿಯ ಅಭ್ಯಾಸ. ಆಮೇಲೆ ತರಗತಿಗಳು: ನಾಟ್ಯಶಾಸ್ತ್ರ, ಭಾರತೀಯ ಮತ್ತು ಪಾಶ್ಚಾತ್ಯ ರಂಗಭೂಮಿಯ ಚರಿತ್ರೆ, ಕನ್ನಡ ಕಾವ್ಯದ ಓದು, ಯಕ್ಷಗಾನದ ಹೆಜ್ಜೆ, ರಂಗಸಂಗೀತ, ಪ್ರಸಾಧನ, ಬೆಳಕು, ರಂಗಸಜ್ಜಿಕೆ. ಸಂಜೆಯಾದರೆ ತಾಲೀಮು. ಇಷ್ಟೂ ವಿಷಯಗಳು ಬೇರೆ ಬೇರೆ ಪರೀಕ್ಷೆಗಳಾಗಿ ಉಳಿಯದೆ ವರ್ಷದುದ್ದಕ್ಕೂ ಆಡುವ ನಾಟಕಗಳಲ್ಲಿ ಒಂದಾಗಬೇಕು ಎಂಬುದು ಶಾಲೆಯ ನಿಲುವು. ಪಾತ್ರ ಸಿಗದವನು ಬೆಳಕು ಹಿಡಿಯುತ್ತಾನೆ. ರಾಜನ ಪಾತ್ರ ಮಾಡಿದವನೇ ಮುಂದಿನ ನಾಟಕಕ್ಕೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿಯುತ್ತಾನೆ. ಊರಿನ ಹಿರಿಯರು ಕೂತು ನೋಡುವ ಅದೇ ರಂಗಮಂದಿರದಲ್ಲಿ ವಿದ್ಯಾರ್ಥಿಗಳ ಪ್ರಯೋಗವೂ ನಡೆಯುವುದರಿಂದ, ಪರೀಕ್ಷಕರ ಅಂಕಗಳ ಜೊತೆಗೆ ಊರಿನ ಮಾತನ್ನೂ ಅವರು ಕೇಳಬೇಕಾಗುತ್ತದೆ.

ಕಲಿತವರಿಗೆ ಕೆಲಸ ಎಲ್ಲಿ?

ಮೊದಲ ಕೆಲವು ತಂಡಗಳು ಡಿಪ್ಲೊಮಾ ಪಡೆದು ಹೊರಬಿದ್ದಾಗ ತೊಡಕು ಎದುರಾಯಿತು. ಕಲಿತದ್ದನ್ನು ಆಡಿ ತೋರಿಸುವ ಜಾಗ ಎಲ್ಲಿ? ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಕಂಪನಿಗಳು ನೂರಾರು ಕಲಾವಿದರಿಗೆ ಅನ್ನ ಕೊಟ್ಟಿದ್ದ ಕಾಲ ಹಿಂದೆ ಸರಿದಿತ್ತು. ಉಳಿದ ಕಂಪನಿಗಳು ಸಿನಿಮಾದ ಪೈಪೋಟಿಯಲ್ಲಿ ಏದುಸಿರು ಬಿಡುತ್ತಿದ್ದವು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಹವ್ಯಾಸಿ ರಂಗಭೂಮಿ ಬಿರುಸಾಗಿತ್ತು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಜಾಥಾಗಳ ಮೂಲಕ ಹಳ್ಳಿಗಳಿಗೂ ಹೋಗಿತ್ತು. ಆದರೆ ಹವ್ಯಾಸಿ ತಂಡದಲ್ಲಿ ನಟನೊಬ್ಬ ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ರಂಗಕ್ಕೆ ಬರಬೇಕು. ವರ್ಷವಿಡೀ ದೇಹವನ್ನೂ ದನಿಯನ್ನೂ ಹದಗೊಳಿಸಿಕೊಂಡ ತರುಣ ಊರಿಗೆ ಮರಳಿ ಸುಮ್ಮನೆ ಕೂತರೆ ಆ ಹದ ಎಷ್ಟು ದಿನ ನಿಂತೀತು?

ಇದಕ್ಕೆ ಉತ್ತರದ ದಾರಿ ತೋರಿಸಿದ್ದು 1983ರಿಂದ 1985ರವರೆಗೆ ಫೋರ್ಡ್ ಫೌಂಡೇಷನ್ನಿನ ನೆರವಿನಿಂದ ನಡೆದ ‘ಜನಸ್ಪಂದನ’ ಯೋಜನೆ. ನಾಟಕ ಮತ್ತು ಸಿನಿಮಾವನ್ನು ಕರ್ನಾಟಕದ ಮೂಲೆ ಮೂಲೆಗೆ ಒಯ್ದು, ಅಲ್ಲಲ್ಲಿ ಶಿಬಿರ ನಡೆಸಿ, ಆಯಾ ಊರಿನವರಿಂದಲೇ ನಾಟಕ ಕಟ್ಟಿಸುವ ಕೆಲಸ ಅದು. ಆ ದಿನಗಳಲ್ಲಿ ಉತ್ತರ ಕನ್ನಡದ ಮಂಚೀಕೇರಿಯ ಸಿದ್ದಿ ಸಮುದಾಯದ ಜೊತೆ ಜಂಬೆಯವರು ಮಾಸ್ತಿಯವರ ‘ಕಾಕನಕೋಟೆ’ಯನ್ನು ಮಾಡಿಸಿದರು. ಕಾಡಿನ ಜನರ ಕಥೆಯನ್ನು ಕಾಡಂಚಿನ ಜನರೇ ಆಡಿದ ಆ ಪ್ರಯೋಗ ಕನ್ನಡ ರಂಗಚರಿತ್ರೆಯಲ್ಲಿ ಬಹುಕಾಲ ನೆನಪಿನಲ್ಲಿ ಉಳಿಯುವಂಥದು. ಕೂಲಿ ಮಾಡಿ ದಣಿದು ಬಂದವರು ರಾತ್ರಿ ತಾಲೀಮಿಗೆ ನಿಂತರು ಎಂಬ ಸಂಗತಿಯೇ ನಾಟಕದ ಹಸಿವು ಎಲ್ಲೆಲ್ಲಿದೆ ಎಂಬುದನ್ನು ತೋರಿಸಿತು.

ಒಂದು ಕಡೆ ತರಬೇತಾದ ನಟರು, ಇನ್ನೊಂದು ಕಡೆ ನಾಟಕ ಬೇಕೆನ್ನುವ ಊರುಗಳು. ಇವೆರಡನ್ನೂ ಸೇರಿಸುವ ಸೇತುವೆ ಕಟ್ಟುವುದೇ 1985ರ ನಿರ್ಧಾರ. ಅದಕ್ಕೆ ಮಾದರಿ ದೂರದಲ್ಲಿ ಇರಲಿಲ್ಲ. ಘಟ್ಟದ ಕೆಳಗೆ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿಗೆ ಗೆಜ್ಜೆ ಕಟ್ಟಿ ಹೊರಟು, ಮಳೆಗಾಲಕ್ಕೆ ಮುಂಚೆ ಗೆಜ್ಜೆ ಬಿಚ್ಚುವವರೆಗೆ ಊರೂರು ಸುತ್ತುತ್ತಲೇ ಬಂದಿವೆ. ಹೊಸ ರೆಪರ್ಟರಿ ಆ ಪದ್ಧತಿಯನ್ನೂ ತೆಗೆದುಕೊಂಡಿತು, ಹೆಸರನ್ನೂ ತೆಗೆದುಕೊಂಡಿತು.

ವರ್ಷದ ಸುತ್ತು

ತಿರುಗಾಟ ಸೇರಿದ ಮೇಲೆ ಹೆಗ್ಗೋಡಿನ ವರ್ಷಕ್ಕೆ ಒಂದು ಸ್ಪಷ್ಟ ಲಯ ಬಂತು. ಮಲೆನಾಡಿನಲ್ಲಿ ಮಳೆ ಹಿಡಿದಾಗ ಶಾಲೆಗೆ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಅದೇ ದಿನಗಳಲ್ಲಿ, ಅದೇ ಆವರಣದಲ್ಲಿ, ಹಿಂದಿನ ವರ್ಷಗಳಲ್ಲಿ ಕಲಿತು ಹೋದವರು ತಿರುಗಾಟದ ನಟರಾಗಿ ಮರಳಿ ತಾಲೀಮಿಗೆ ಕೂರುತ್ತಾರೆ. ತಿಂಗಳುಗಟ್ಟಲೆ ತಾಲೀಮು, ಎರಡು ಅಥವಾ ಮೂರು ನಾಟಕ ಸಿದ್ಧವಾಗುತ್ತವೆ. ಹೊಸ ವಿದ್ಯಾರ್ಥಿ ಅಡುಗೆಮನೆಯ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕೂತು ಊಟ ಮಾಡುತ್ತಾನೆ, ಅವರ ತಾಲೀಮಿನ ಬಾಗಿಲಲ್ಲಿ ನಿಂತು ನೋಡುತ್ತಾನೆ. ಪುಸ್ತಕ ಮತ್ತು ತರಗತಿಗಳಿಂದ ಬಾರದ ವಿದ್ಯೆ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಅಕ್ಟೋಬರಿಗೆ ಮಳೆ ಕಡಿಮೆಯಾಗುತ್ತಿದ್ದಂತೆ ನಾಟಕಗಳ ಮೊದಲ ಪ್ರದರ್ಶನ ಹೆಗ್ಗೋಡಿನಲ್ಲೇ ನಡೆಯುತ್ತದೆ. ಮುಂದೆ ಆರಂಭವಾದ ಸಂಸ್ಕೃತಿ ಶಿಬಿರ ಈ ಸಂದರ್ಭಕ್ಕೆ ಇನ್ನಷ್ಟು ಮೆರುಗು ತಂದಿತು. ಯು.ಆರ್. ಅನಂತಮೂರ್ತಿಯವರಂಥ ಲೇಖಕರು, ನಾಡಿನ ಬೇರೆ ಬೇರೆ ಕಡೆಯಿಂದ ಬಂದ ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು, ರೈತರು ಹಗಲು ಉಪನ್ಯಾಸ ಕೇಳಿ, ರಾತ್ರಿ ನಾಟಕ ನೋಡಿ, ಮರುದಿನ ಅದರ ಬಗ್ಗೆ ಮುಕ್ತವಾಗಿ ಚರ್ಚಿಸುವ ಕ್ರಮ ಅಲ್ಲಿ ಬೆಳೆಯಿತು. ನಟರು ಎದುರಿಗೇ ಕೂತು ಆ ಚರ್ಚೆ ಕೇಳುತ್ತಾರೆ. ಅಲ್ಲಿಂದ ಹೊರಟ ತಂಡ ಬೇಸಿಗೆಯ ಹೊತ್ತಿಗೆ ಮರಳುವುದರೊಳಗೆ ಕರಾವಳಿ, ಬಯಲುಸೀಮೆ, ಉತ್ತರ ಕರ್ನಾಟಕಗಳನ್ನು ಸುತ್ತಿರುತ್ತದೆ. ಒಳ್ಳೆಯ ವರ್ಷಗಳಲ್ಲಿ ಪ್ರದರ್ಶನಗಳ ಸಂಖ್ಯೆ ನೂರನ್ನು ದಾಟಿದೆ. ಇತ್ತ ಶಾಲೆಯ ವಿದ್ಯಾರ್ಥಿಗಳು ತಮ್ಮ ಪ್ರಯೋಗಗಳನ್ನು ಮುಗಿಸಿ ಡಿಪ್ಲೊಮಾ ಪಡೆಯುವ ಹೊತ್ತಿಗೆ, ಮುಂದಿನ ತಿರುಗಾಟಕ್ಕೆ ಯಾರು ಎಂಬ ಆಯ್ಕೆ ಶುರುವಾಗುತ್ತದೆ.

ಒಂದು ಮೊಕ್ಕಾಮಿನ ದಿನ

ಈ ಪದ್ಧತಿಯ ಬಲ ಎಲ್ಲಿದೆ ಎಂಬುದು ತಿಳಿಯಬೇಕಾದರೆ ಒಂದು ಮೊಕ್ಕಾಮಿನ ದಿನಚರಿಯನ್ನು ಹತ್ತಿರದಿಂದ ನೋಡಬೇಕು.

ಬೆಳಿಗ್ಗೆ ತಂಡದ ವಾಹನ ಊರು ತಲುಪುತ್ತದೆ. ನಾಟಕ ನಡೆಯುವ ಜಾಗ ಹೈಸ್ಕೂಲಿನ ಬಯಲು, ಕಲ್ಯಾಣಮಂಟಪ, ದೇವಸ್ಥಾನದ ಎದುರಿನ ಅಂಗಳ, ತಾಲ್ಲೂಕು ಕೇಂದ್ರದ ಪುರಭವನ, ಯಾವುದೂ ಆಗಬಹುದು. ಕರೆಸಿದವರು ಊರಿನ ಯುವಕ ಸಂಘದವರೋ ಶಾಲೆಯ ಮೇಷ್ಟ್ರುಗಳೋ ಆಗಿರುತ್ತಾರೆ. ತಿಂಡಿ ಆದೊಡನೆ ನಟರೇ ಸಾಮಾನು ಇಳಿಸುತ್ತಾರೆ. ಮೊದಲು ವೇದಿಕೆಯ ಅಳತೆ. ನಿನ್ನೆ ಮೂವತ್ತು ಅಡಿ ಇದ್ದ ರಂಗ ಇವತ್ತು ಇಪ್ಪತ್ತಕ್ಕೆ ಇಳಿದಿದ್ದರೆ ನಡೆಗಳನ್ನೆಲ್ಲ ಮರುಹೊಂದಿಸಬೇಕು. ಕಪ್ಪು ಪರದೆ ಕಟ್ಟಿ, ಸೈಡ್‌ವಿಂಗ್ ನಿಲ್ಲಿಸಿ, ಕಂಬಗಳಿಗೆ ದೀಪ ಬಿಗಿದು, ಡಿಮ್ಮರ್‌ಗೆ ತಂತಿ ಎಳೆಯುವಷ್ಟರಲ್ಲಿ ಮಧ್ಯಾಹ್ನ. ವೋಲ್ಟೇಜ್ ಎಷ್ಟು ಬರುತ್ತದೆ ಎಂಬುದು ಸಂಜೆ ಊರಿನ ಮನೆಗಳಲ್ಲೆಲ್ಲ ದೀಪ ಹಚ್ಚಿದ ಮೇಲೇ ತಿಳಿಯುವುದು. ಆದ್ದರಿಂದ ಬೆಳಕಿನವರು ಎರಡು ಲೆಕ್ಕ ಇಟ್ಟುಕೊಂಡಿರಬೇಕು. ಊಟದ ನಂತರ ಒಂದಿಷ್ಟು ಮಲಗಿ ಎದ್ದು, ಉಡುಪಿಗೆ ಇಸ್ತ್ರಿ ಹಾಕಿ, ಹಾರ್ಮೋನಿಯಮ್ಮಿಗೆ ದನಿ ಹೊಂದಿಸಿ, ಕನ್ನಡಿ ಮುಂದೆ ಕೂರುತ್ತಾರೆ.

ನಾಟಕ ಮುಗಿದು ಪ್ರೇಕ್ಷಕರು ಮನೆ ಸೇರುವ ಹೊತ್ತಿಗೆ ಇವರ ಕೆಲಸದ ಇನ್ನೊಂದು ಪಾಳಿ ಶುರು. ಬಣ್ಣ ತೊಳೆದು, ಕಟ್ಟಿದ್ದನ್ನೆಲ್ಲ ಬಿಚ್ಚಿ, ಮಡಿಸಿ, ಪೆಟ್ಟಿಗೆಗೆ ತುಂಬಿ, ವಾಹನಕ್ಕೆ ಏರಿಸಿದ ಮೇಲೆ ಊಟ. ನಾಳೆ ಬೇರೆ ಊರು, ಬೇರೆ ನಾಟಕ. ನಿನ್ನೆ ನಾಯಕಿಯಾಗಿದ್ದವಳು ನಾಳೆ ಹಿಮ್ಮೇಳದಲ್ಲಿ ಹಾಡುತ್ತಾಳೆ. ಸಂಭಾವನೆ ಬದಲಾಗುವುದಿಲ್ಲ, ಗೌರವವೂ ಬದಲಾಗುವುದಿಲ್ಲ.

ಹೀಗೆ ಒಂದೇ ನಾಟಕವನ್ನು ಹತ್ತಾರು ಸಲ, ಹತ್ತಾರು ಬಗೆಯ ಜನರೆದುರು ಆಡುವಾಗ ನಟ ಕಲಿಯುವುದನ್ನು ಯಾವ ತರಗತಿಯೂ ಕಲಿಸಲಾರದು. ಉಡುಪಿಯ ಪ್ರೇಕ್ಷಕರು ಯಕ್ಷಗಾನ ನೋಡಿ ಬೆಳೆದವರು. ಮಾತಿನ ತೂಕ, ಹೆಜ್ಜೆಯ ಗತ್ತು ಅವರಿಗೆ ಬೇಗ ತಿಳಿಯುತ್ತದೆ. ಧಾರವಾಡ, ವಿಜಯಪುರದ ಕಡೆ ಸಣ್ಣಾಟ, ಕಂಪನಿ ನಾಟಕಗಳ ಹಾಡಿನ ರುಚಿ ಹತ್ತಿದ ಜನ. ಸಂಗೀತ ಸಪ್ಪೆಯಾದರೆ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ನಗೆ ಬಂದ ಕಡೆ ಹಳ್ಳಿಯಲ್ಲಿ ಮೌನ, ಹಳ್ಳಿಯಲ್ಲಿ ಚಪ್ಪಾಳೆ ಬಿದ್ದ ಮಾತು ಬೆಂಗಳೂರಿನಲ್ಲಿ ಗಮನಕ್ಕೇ ಬಾರದೆ ಹೋಗುವುದು, ಎರಡೂ ಉಂಟು. ಋತು ಮುಗಿಯುವಷ್ಟರಲ್ಲಿ ನಟನಿಗೆ ತನ್ನ ಕನ್ನಡ ಒಂದಲ್ಲ, ಹತ್ತು ಎಂಬ ಅರಿವು ಮೂಡಿರುತ್ತದೆ.

ಯಾವ ನಾಟಕಗಳು?

ಊರೂರಿಗೆ ಹೋಗುವ ತಂಡ ಜನಪ್ರಿಯ ನಾಟಕಗಳನ್ನೇ ಹೊತ್ತೊಯ್ಯಬೇಕು ಎಂಬ ಸಲಹೆ ಯಾವ ಕಾಲದಲ್ಲೂ ಸುಲಭವಾಗಿ ಸಿಗುತ್ತದೆ. ತಿರುಗಾಟ ಆ ಸುಲಭದ ದಾರಿ ಹಿಡಿಯಲಿಲ್ಲ. ಸಂಸ್ಕೃತ ನಾಟಕ, ಶೇಕ್ಸ್‌ಪಿಯರ್, ಬ್ರೆಕ್ಟ್, ಹೊಸ ಕನ್ನಡ ನಾಟಕ, ಮಕ್ಕಳ ನಾಟಕ ಎಲ್ಲಕ್ಕೂ ಅದರಲ್ಲಿ ಎಡೆ ಸಿಕ್ಕಿತು. ಇದಕ್ಕಾಗಿ ಶಾಲೆಯ ಸುತ್ತಲೇ ಅನುವಾದದ ದೊಡ್ಡ ಕೆಲಸ ನಡೆಯಿತು. ಶಾಕುಂತಲ ಸುಬ್ಬಣ್ಣನವರ ಕೈಯಲ್ಲಿ ‘ಲೋಕ ಶಾಕುಂತಲ’ವಾಯಿತು, ಬ್ರೆಕ್ಟ್‌ನ ಪ್ರಸಿದ್ಧ ಸಂಗೀತ ನಾಟಕ ‘ಮೂರು ಕಾಸಿನ ಸಂಗೀತ ನಾಟಕ’ವಾಯಿತು. ಅಕ್ಷರ ಅವರು ಶೇಕ್ಸ್‌ಪಿಯರನನ್ನು ‘ವೆನಿಸ್ಸಿನ ವ್ಯಾಪಾರ’ವಾಗಿ ಕನ್ನಡಕ್ಕೆ ತಂದರು. ಅಕ್ಷರ ಪ್ರಕಾಶನ ಇಂಥ ಪಠ್ಯಗಳನ್ನು ಅಚ್ಚು ಹಾಕಿದ್ದರಿಂದ ಅವು ಹೆಗ್ಗೋಡಿನ ಆಸ್ತಿಯಾಗಿ ಉಳಿಯದೆ ನಾಡಿನ ಹವ್ಯಾಸಿ ತಂಡಗಳಿಗೂ ಕಾಲೇಜುಗಳಿಗೂ ಸಿಕ್ಕವು. ಶಾಲೆ, ರೆಪರ್ಟರಿ, ಪ್ರಕಾಶನ ಮೂರೂ ಒಂದೇ ಕಡೆ ಇದ್ದದ್ದರ ಲಾಭ ಇದು.

ಒಂದು ಪ್ರಯೋಗವನ್ನಂತೂ ಹೆಸರಿಸಲೇಬೇಕು. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ತಿರುಗಾಟಕ್ಕೆ ನಿರ್ದೇಶಿಸಿದರು. ಕೃಷ್ಣ ಗೋಕುಲ ಬಿಟ್ಟು ಮಥುರೆಗೆ ಹೊರಡುವ ಪ್ರಸಂಗ ಅದರ ವಸ್ತು. ಆ ಕೃತಿಯ ಭಾಷೆ ಗಹನ, ರಾಗಗಳ ಆಯ್ಕೆ ಸೂಕ್ಷ್ಮ. ಇದನ್ನು ರಂಗದ ಮೇಲೆ, ಅದೂ ಊರಿಂದೂರಿಗೆ ತಿರುಗುವ ತಂಡದಿಂದ ಮಾಡಿಸುವುದು ಸಾಹಸವೇ. ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿ ರಂಗಸಂಗೀತವನ್ನು ಮೈಗೂಡಿಸಿಕೊಂಡಿದ್ದ ಕಾರಂತರು ಆ ಕಾವ್ಯವನ್ನು ನಟರ ಗಂಟಲಿಗೆ ಇಳಿಸಿದರು. ಪಂಡಿತರ ಕೃತಿ ಎಂದು ಕಪಾಟಿನಲ್ಲಿ ಕೂತಿದ್ದದ್ದು ಊರೂರಿನ ಪ್ರೇಕ್ಷಕರ ಕಿವಿಗೆ ತಲುಪಿತು. ರಂಗಶಾಲೆಯ ಸಾಧನೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ತೋರಿಸಬಹುದಾದ ಉದಾಹರಣೆಗಳಲ್ಲಿ ಇದು ಮೊದಲ ಸಾಲಿನದು.

ಫಲ ಎಲ್ಲೆಲ್ಲಿ ಬಿತ್ತು

1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯಲ್ಲೇ ಉಳಿದು, ಹಳ್ಳಿಯ ಜನರ ಜೊತೆ ನಾಟಕ ಮತ್ತು ಸಿನಿಮಾದ ಕೆಲಸ ಮಾಡಿದ್ದಕ್ಕೆ ಏಷ್ಯಾದ ಮಟ್ಟದಲ್ಲಿ ಸಿಕ್ಕ ಮನ್ನಣೆ ಅದು. 2005ರಲ್ಲಿ ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಕಟ್ಟಿದವರು ಹೋದ ಮೇಲೂ ನಡೆಯುವ ಸಂಸ್ಥೆಯನ್ನು ಕಟ್ಟುವುದು ಪ್ರಶಸ್ತಿಗಿಂತ ಕಷ್ಟದ ಕೆಲಸ; ಅದು ಇಲ್ಲಿ ಆಗಿದೆ.

ಪ್ರಶಸ್ತಿಗಿಂತ ದೊಡ್ಡ ಫಲ ನಾಡಿನಲ್ಲಿ ಹರಡಿದೆ. ಇಲ್ಲಿ ಕಲಿತ ಮಂಡ್ಯ ರಮೇಶ್ ಮೈಸೂರಿನಲ್ಲಿ ‘ನಟನ’ವನ್ನು ಕಟ್ಟಿ ಹೊಸ ಪೀಳಿಗೆಗೆ ನಾಟಕ ಕಲಿಸುತ್ತಿದ್ದಾರೆ. ಕೆ.ಜಿ. ಕೃಷ್ಣಮೂರ್ತಿಯವರು ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ‘ಕಿನ್ನರ ಮೇಳ’ ಕಟ್ಟಿ ಮಕ್ಕಳ ರಂಗಭೂಮಿಗೆ ಬಾಳನ್ನೇ ಕೊಟ್ಟಿದ್ದಾರೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಮ್ ಅವರಂಥವರು ಕನ್ನಡ ಸಿನಿಮಾದಲ್ಲಿ ಹೆಸರು ಮಾಡಿದರು. ಒಬ್ಬರಂತೂ ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಜಂಬೆಯವರು ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕರೂ ಆದರು. ಪತ್ರಿಕೆಗಳಲ್ಲಿ ಹೆಸರು ಬಾರದ ಇನ್ನೆಷ್ಟೋ ಜನ ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಶಾಲೆಯ ಮಕ್ಕಳಿಗೆ ನಾಟಕ ಕಲಿಸುತ್ತ, ಬೇಸಿಗೆ ಶಿಬಿರ ನಡೆಸುತ್ತ, ಊರಿನ ಸಂಘಕ್ಕೆ ಜೀವ ತುಂಬುತ್ತ ಇದ್ದಾರೆ. ಶಾಲೆಯ ನಿಜವಾದ ಹಳೆವಿದ್ಯಾರ್ಥಿ ಬಳಗ ಅವರದು.

ಮಾದರಿಯೂ ಹರಡಿತು. 1989ರಲ್ಲಿ ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾಗಿ ಸರ್ಕಾರದ ನೆರವಿನ ರೆಪರ್ಟರಿ ಕನ್ನಡಕ್ಕೆ ದಕ್ಕಿತು. ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ‘ಶಿವಸಂಚಾರ’ವನ್ನು ಹೊರಡಿಸಿದರು, ಅದೂ ವರ್ಷಕ್ಕೆ ಹಲವು ನಾಟಕಗಳನ್ನು ಸಿದ್ಧಮಾಡಿ ನಾಡು ಸುತ್ತುತ್ತದೆ, ಅದಕ್ಕೂ ಬೆಂಬಲವಾಗಿ ರಂಗಶಾಲೆಯೊಂದು ನಿಂತಿದೆ. ಮಠ, ಸರ್ಕಾರ, ಹಳ್ಳಿಯ ಸಂಘ ಎಂಬ ಮೂರು ಬೇರೆ ಬೇರೆ ನೆಲೆಗಳಿಂದ ಹೊರಟವರು ಒಂದೇ ಅರಿವಿಗೆ ಬಂದದ್ದು ಗಮನಿಸಬೇಕಾದ ಸಂಗತಿ. ನಾಟಕ ಬದುಕಬೇಕಾದರೆ ನಟನಿಗೆ ತಿಂಗಳ ಸಂಭಾವನೆಯೂ ಸಿಗಬೇಕು, ಪ್ರೇಕ್ಷಕನಿಗೆ ತನ್ನ ಊರಲ್ಲೇ ನಾಟಕವೂ ಸಿಗಬೇಕು.

ಈ ದಾರಿ ಕಷ್ಟವಿಲ್ಲದ್ದೇನೂ ಅಲ್ಲ. ಟಿವಿ ಧಾರಾವಾಹಿಗಳು ಬಂದ ಮೇಲೆ ತರಬೇತಾದ ನಟರನ್ನು ಋತುವಿಡೀ ಹಿಡಿದಿಡುವುದು ಸುಲಭವಿಲ್ಲ. ಡೀಸೆಲ್, ಊಟ, ಸಂಭಾವನೆ ಎಲ್ಲದರ ಖರ್ಚು ಏರಿದೆ. ಟಿಕೆಟಿನ ದುಡ್ಡಿನಿಂದ ಅದು ಹುಟ್ಟುವುದಿಲ್ಲ. ಕೊರೊನಾ ಕಾಲದಲ್ಲಿ ರಂಗಮಂದಿರಗಳು ಬಾಗಿಲು ಹಾಕಿದಾಗ ಇಡೀ ರಂಗಭೂಮಿಯೇ ಉಸಿರು ಬಿಗಿಹಿಡಿದು ಕಾದಿತು. ಆದರೂ ನಾಟಕ ಕರೆಸುವ ಊರುಗಳು ಇವತ್ತಿಗೂ ಇವೆ. ಒಂದು ಊರಿನ ನಾಲ್ಕು ಜನ ತಿಂಗಳು ಮೊದಲೇ ಚಂದಾ ಎತ್ತಿ, ಮನೆ ಮನೆಗೆ ಹೋಗಿ ಟಿಕೆಟ್ ಮಾರಿ, ತಂಡದ ಊಟಕ್ಕೆ ಅಕ್ಕಿ ತೆಗೆದಿಟ್ಟು ನಾಟಕ ಕರೆಸುತ್ತಾರೆ ಎಂದರೆ, ಅದು ಯಾವ ವಿಮರ್ಶೆಗೂ ಕಡಿಮೆಯಿಲ್ಲದ ಮೆಚ್ಚುಗೆ. ಆ ಸಂಘಟಕರಿಲ್ಲದೆ ತಿರುಗಾಟದ ಚರಿತ್ರೆಯೇ ಇಲ್ಲ.

ನಮ್ಮ ಕಾಲೇಜುಗಳಿಗೆ

ಇವತ್ತು ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ, ಕಾಲೇಜುಗಳಲ್ಲಿ ನಾಟಕ ಪಾಠವಾಗಿದೆ, ಪದವಿಯಾಗಿದೆ, ವಿದ್ಯಾರ್ಥಿ ತಂಡವಾಗಿದೆ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ದುಡಿದು ಒಂದು ನಾಟಕ ಕಟ್ಟುತ್ತಾರೆ. ಕಾಲೇಜಿನ ಸಭಾಂಗಣದಲ್ಲಿ ಒಂದು ಸಂಜೆ ಪ್ರದರ್ಶನ. ಅಂಕಗಳು ಬರುತ್ತವೆ, ಛಾಯಾಚಿತ್ರಗಳು ವರದಿ ಸೇರುತ್ತವೆ, ರಂಗಸಜ್ಜಿಕೆ ಉಗ್ರಾಣ ಸೇರುತ್ತದೆ. ನಟ ತನ್ನ ಪಾತ್ರವನ್ನು ಹಿಡಿಯಲು ಶುರುಮಾಡುವ ಹೊತ್ತಿಗೆ ನಾಟಕವೇ ಮುಗಿದಿರುತ್ತದೆ. ಇದು ದುಡಿದ ಮಕ್ಕಳಿಗೂ ನ್ಯಾಯವಲ್ಲ, ನೋಡಬೇಕಿದ್ದ ಜನರಿಗೂ ನ್ಯಾಯವಲ್ಲ.

ಪ್ರತಿ ಕಾಲೇಜೂ ಒಂದು ರೆಪರ್ಟರಿ ಕಟ್ಟಬೇಕೆಂದು ಹೇಳಿದರೆ ಅದು ಆಗದ ಮಾತು. ಆದರೆ ವರ್ಷದ ಒಂದು ನಾಟಕವನ್ನಾದರೂ ಐದು ಜಾಗಗಳಿಗೆ ಒಯ್ಯುವುದು ಆಗದ ಮಾತಲ್ಲ. ಸುತ್ತಲಿನ ಹಳ್ಳಿಯ ಹೈಸ್ಕೂಲು, ವಿದ್ಯಾರ್ಥಿನಿಲಯ, ಕಾರ್ಖಾನೆಯ ಕ್ಯಾಂಟೀನು, ಇನ್ನೊಂದು ಕಾಲೇಜು, ವಿದ್ಯಾರ್ಥಿಗಳಲ್ಲೊಬ್ಬರ ಸ್ವಂತ ಊರು. ಅದಕ್ಕೆ ಬೇಕಾಗುವುದು ಬಿಚ್ಚಿ ಕಟ್ಟಲು ಬರುವಂಥ ಹಗುರ ಸಜ್ಜಿಕೆ, ಒಂದು ಬಾಡಿಗೆ ವಾಹನ, ಶೈಕ್ಷಣಿಕ ವೇಳಾಪಟ್ಟಿಯಲ್ಲಿ ಒಂದು ವಾರ. ಆ ವಾರವನ್ನು ರಜೆ ಎಂದು ಎಣಿಸದೆ ಪಾಠವೆಂದೇ ಎಣಿಸಿ ಅಂಕ ಕೊಡಬೇಕು. ವಾರ್ಷಿಕ ವರದಿಯಲ್ಲಿ ಬಹುಮಾನಗಳ ಪಟ್ಟಿಯ ಪಕ್ಕದಲ್ಲೇ ನಾಟಕ ಹೋಗಿಬಂದ ಊರುಗಳ ಪಟ್ಟಿಯೂ ಅಚ್ಚಾಗಬೇಕು.

ರಂಗಶಿಕ್ಷಣದ ಹೊಣೆ ಪ್ರಮಾಣಪತ್ರ ಕೊಡುವಲ್ಲಿಗೆ ತೀರುವುದಿಲ್ಲ. ಕಲಿತವರಿಗೆ ಪ್ರೇಕ್ಷಕರನ್ನು, ಪ್ರೇಕ್ಷಕರಿಗೆ ಕಲಿತವರನ್ನು ಒದಗಿಸುವುದೂ ಅದರ ಪಾಲಿನ ಕೆಲಸ. 1985ರಲ್ಲಿ ಹೆಗ್ಗೋಡು ಆ ಕೆಲಸವನ್ನು ತನ್ನದೆಂದು ಒಪ್ಪಿಕೊಂಡಿತು. ಅದರಿಂದ ಕನ್ನಡಕ್ಕೆ ನಟರು ಸಿಕ್ಕರು, ನಾಟಕಗಳು ಸಿಕ್ಕವು, ಎಲ್ಲಕ್ಕಿಂತ ಹೆಚ್ಚಾಗಿ ನೋಡಬಲ್ಲ ಊರುಗಳು ಸಿಕ್ಕವು. ನಾಟಕ ಕಲಿಸುವ ಪ್ರತಿಯೊಂದು ವಿಭಾಗವೂ ತನ್ನ ಮುಂದಿನ ವರ್ಷದ ಯೋಜನೆ ಬರೆಯುವಾಗ ಈ ಹೊಣೆಯನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಲಿ.